ಗೋಲಿಯಾಗುವ ಸಹಸ್ರಪದಿ: ಗುರುತು ಹಿಡಿಯುವುದು ಹೇಗೆ?

ಹೋದ ಮಳೆಗಾಲ ಕೊಡಗಿನಲ್ಲಿ ನೆಂಟರ ಕಾಫಿ ತೋಟಕ್ಕೆ ಹೋಗಿದ್ದೆ. ತರಗೆಲೆ ನಡುವೆ ನೆಲ್ಲಿಕಾಯಿ ಗಾತ್ರದ ಕಂದು ಗೋಲಿಯೊಂದು ಬಿದ್ದಿತ್ತು. ಯಾವುದೋ ಕಾಡುಕಾಯಿ ಅಂದುಕೊಂಡು ಎತ್ತಿಕೊಂಡೆ. ಸ್ವಲ್ಪ ಹೊತ್ತಿಗೆ ಅಂಗೈ ಮೇಲೆ ಕಾಯಿಗೆ ಕಾಲು ಮೂಡಿತು!

ಮೈಸೂರಿಗೆ ಬಂದು ಫೋಟೊ ತೋರಿಸಿದರೆ ಅತ್ತಿಗೆ, "ಇದು ನಮ್ಮ ಹೂಕುಂಡದ ಅಡಿಯಲ್ಲೂ ಇದೆಯಲ್ಲ" ಅಂದರು. ಎಲ್ಲರೂ ಎಡವುವುದು ಇಲ್ಲೇ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಮೊದಲು ಕಾಲು ಎಣಿಸಿ

ಕುಂಡದ ಅಡಿಯ ಪುಟ್ಟ ಬೂದು ಹುಳುವೂ ಗುಂಡಗೆ ಸುತ್ತಿಕೊಳ್ಳುತ್ತದೆ, ನಿಜ. ಆದರೆ ಅದು ಏಡಿ, ಸೀಗಡಿಗಳ ನೆಂಟ. ಅದಕ್ಕಿರುವುದು 7 ಜೊತೆ ಕಾಲು ಮಾತ್ರ. ನನಗೆ ಸಿಕ್ಕಿದ್ದು ದೈತ್ಯ ಗುಂಡು ಸಹಸ್ರಪದಿ. ಅದರ ಹೆಣ್ಣಿಗೆ 21 ಜೊತೆ. ಗಂಡಿಗೆ ಹಿಂದುಗಡೆ ಇನ್ನೂ 2 ಜೊತೆ ಇರುತ್ತವೆ, ಅವು ನಡೆಯುವುದಕ್ಕಲ್ಲ. ಹೆಸರು ಸಹಸ್ರಪದಿ, ಕಾಲು 42! ಹೆಸರಿಗೆ ತಕ್ಕಂತೆ ಸಾವಿರ ದಾಟಿದ ಸಹಸ್ರಪದಿ ಸಿಕ್ಕಿದ್ದು ಆಸ್ಟ್ರೇಲಿಯಾದ ನೆಲದಾಳದಲ್ಲಿ. 2021ರಲ್ಲಿ ವರದಿಯಾದ ಅದಕ್ಕೆ 1,306 ಕಾಲು.

ಎಣಿಸಬೇಕೆಂದು ಗೋಲಿಯನ್ನು ಕಡ್ಡಿ ಹಾಕಿ ಬಿಡಿಸಬೇಡಿ. ನಾನು ಹೇರ್‌ಪಿನ್ನಿನಿಂದ ಮೆಲ್ಲಗೆ ತಟ್ಟಿ ನೋಡಿದೆ. ಅದು ಇನ್ನೂ ಬಿಗಿಯಾಯಿತು, ಅಷ್ಟೇ. ನೆರಳಲ್ಲಿ ತಟ್ಟೆಯ ಮೇಲೆ ಒದ್ದೆ ಎಲೆ ಹಾಕಿ, ಅದರ ಮೇಲಿಟ್ಟು ಸುಮ್ನೆ ಕೂತಿರಿ. ತಾನಾಗಿ ಬಿಚ್ಚಿಕೊಳ್ಳುತ್ತದೆ.

ಆಮೇಲೆ ಬೆನ್ನು

ನನಗೆ ಜಾಸ್ತಿ ಹಿಡಿಸಿದ್ದು ಇದರ ಬೆನ್ನಿನ ಕೆಲಸಗಾರಿಕೆ. ತಲೆಯ ಹಿಂದೆ ಅಂಗಿಯ ಕಾಲರಿನಂಥ ಸಣ್ಣ ಪಟ್ಟಿ. ಅದರ ಹಿಂದೆ ಅಗಲವಾದ ಎದೆಗುರಾಣಿ. ನಂತರ ಒಂದರ ಮೇಲೊಂದು ಜಾರುವ ಬಿಲ್ಲೆಗಳು. ಕೊನೆಯಲ್ಲಿ ಬಟ್ಟಲು ಕವುಚಿದಂಥ ಗುದಗುರಾಣಿ. ಕಾಲರೂ ಸೇರಿ ಒಟ್ಟು 13. ಎದೆಗುರಾಣಿಯ ಅಂಚಿನಲ್ಲಿ ಒಂದು ಕಾಲುವೆಯಿದೆ. ಮೈ ಮಡಿಸಿದಾಗ ಉಳಿದ ಬಿಲ್ಲೆಗಳ ತುದಿಗಳು ಅದರೊಳಗೆ ಕೂರುತ್ತವೆ, ಗುದಗುರಾಣಿ ತಲೆಯನ್ನು ಮುಚ್ಚಿಬಿಡುತ್ತದೆ. ತಿಂಡಿ ಡಬ್ಬಿಯ ಮುಚ್ಚಳದ ಹಾಗೆ.

ಈ ಡಬ್ಬಿಯನ್ನೇ ನಂಬಿರುವುದರಿಂದಲೋ ಏನೋ, ಇದಕ್ಕೆ ಬೇರೆ ಸಹಸ್ರಪದಿಗಳ ಹಾಗೆ ನಾತದ ರಸ ಬಿಡುವ ರಂಧ್ರಗಳಿಲ್ಲ. ರೈಲುಹುಳ ಮುಟ್ಟಿ ಬೆರಳು ಹಳದಿಯಾದವರು ಇದಕ್ಕೆ ಹೆದರಬೇಕಾಗಿಲ್ಲ.

ತಲೆ ಹೊರಬಂದಾಗ ಭೂತಗನ್ನಡಿ ಹಿಡಿಯಿರಿ. ಎರಡು ಬದಿಗೂ ಅಲಸಂದೆ ಕಾಳಿನ ಆಕಾರದ ಕಣ್ಣು, ಒಂದೊಂದರಲ್ಲೂ ಹತ್ತಾರು ಸಣ್ಣ ಮಸೂರ. ಪಕ್ಕದಲ್ಲೇ ಗಿಡ್ಡ ಮೀಸೆ.

ಗಂಡೋ ಹೆಣ್ಣೋ?

ಗಂಡಿನ ಕೊನೆಯ ಆ 2 ಜೊತೆ ಕಾಲು ಚಿಮುಟದಂತಿರುತ್ತವೆ. ಕೂಡುವಾಗ ಹೆಣ್ಣನ್ನು ಹಿಡಿಯುವುದಕ್ಕೆ ಅವು. ಎಷ್ಟೋ ಪ್ರಭೇದಗಳಲ್ಲಿ ಚಿಮುಟದ ಮೇಲೆ ಸಣ್ಣ ಗೀರುಗಳಿದ್ದು, ಉಜ್ಜಿದರೆ ಸದ್ದು ಬರುತ್ತದೆ. ಗೋಲಿಯಾಗಿ ಕೂತ ಹೆಣ್ಣಿಗೆ 'ಹೆದರಬೇಡ, ನಾನೇ' ಅಂತ ಹೇಳುವ ರೀತಿ ಇದು ಎಂಬುದು ತಿಳಿದವರ ಊಹೆ. ಆದರೆ ಇವು ಗುದಗುರಾಣಿಯ ಕೆಳಗೆ ಅಡಗಿರುವುದರಿಂದ ತೋಟದಲ್ಲಿ ನಿಂತು ನೋಡುವುದು ಕಷ್ಟ.

ಹೆಸರಿನಲ್ಲಿ ಎಲ್ಲಿ ನಿಲ್ಲಬೇಕು?

ಗುಂಪು ಡಿಪ್ಲೊಪೊಡಾ (ಸಹಸ್ರಪದಿಗಳೆಲ್ಲ ಇದರಲ್ಲೇ), ಗಣ ಸ್ಫೆರೊಥೀರಿಡಾ, ಕುಟುಂಬ ಆರ್ತ್ರೊಸ್ಫೆರಿಡೆ. ಈ ಕುಟುಂಬದವು ಭಾರತ, ಶ್ರೀಲಂಕಾ, ಮಡಗಾಸ್ಕರ್‌ಗಳಲ್ಲಿವೆ. ಪಶ್ಚಿಮ ಘಟ್ಟದ್ದು ಆರ್ತ್ರೊಸ್ಫೇರಾ ಕುಲ. ಕೀಲುಗಳುಳ್ಳ ಚೆಂಡು ಎಂದರ್ಥ. 1895ರಲ್ಲಿ ಈ ಹೆಸರಿಟ್ಟವರು ಬ್ರಿಟನ್ನಿನ ಪ್ರಾಣಿವಿಜ್ಞಾನಿ ಪೊಕಾಕ್. ಇದರಲ್ಲೇ 'ಮ್ಯಾಗ್ನಾ' ಎಂಬ ಪ್ರಭೇದವನ್ನು 1936ರಲ್ಲಿ ಆಸ್ಟ್ರಿಯಾದ ಪ್ರಾಣಿವಿಜ್ಞಾನಿ ಆಟೆಮ್ಸ್ ವಿವರಿಸಿದರು. ಮ್ಯಾಗ್ನಾ ಅಂದರೆ ಲ್ಯಾಟಿನ್‌ನಲ್ಲಿ ದೊಡ್ಡದು.

ಹಾಗಂತ ಕಂಡ ದೊಡ್ಡ ಗೋಲಿಗೆಲ್ಲ ಮ್ಯಾಗ್ನಾ ಎಂದು ಬರೆಯಬೇಡಿ. ಬಣ್ಣ ನಂಬುವಂಥದ್ದಲ್ಲ. ಪ್ರಭೇದ ತಿಳಿಯಲು ಗಂಡಿನ ಚಿಮುಟದ ರಚನೆ, ಬಿಲ್ಲೆಯ ಒಳಮೈ ಅಂಚಿನ ರೋಮಗಳು, ಗುದಗುರಾಣಿಯ ಒಳಗಿನ ಕಪ್ಪು ಏಣುಗಳು ಇವನ್ನೆಲ್ಲ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಮೊಬೈಲ್ ಫೋಟೊ ನೋಡಿ ಪ್ರಭೇದ ಹೇಳುವವರನ್ನು ನಾನಂತೂ ನಂಬುವುದಿಲ್ಲ.

ಬೆನ್ನು, ಪಕ್ಕ, ತಲೆ ಮೂರರ ಫೋಟೊ ತೆಗೆಯಿರಿ, ಪಕ್ಕದಲ್ಲಿ ಸ್ಕೇಲ್ ಇರಲಿ. ಊರು, ತಾರೀಖು ಬರೆದುಕೊಳ್ಳಿ. ಹುಳುವನ್ನು ಎತ್ತಿಕೊಂಡ ಜಾಗದಲ್ಲೇ ಬಿಟ್ಟು ಮೇಲೆ ತರಗೆಲೆ ಎಳೆಯಿರಿ, ಅದರ ಊಟವೂ ಅದೇ. ನಾಗರಹೊಳೆಯಂಥ ರಕ್ಷಿತ ಕಾಡಾದರೆ ಅನುಮತಿಯಿಲ್ಲದೆ ಮನೆಗೆ ತರುವುದು ಅಪರಾಧವೂ ಹೌದು. ನನ್ನ ಫೋಟೊದ ಕೆಳಗೆ ನಾನು ಬರೆದುಕೊಂಡಿದ್ದು ಇಷ್ಟೇ: ಆರ್ತ್ರೊಸ್ಫೇರಾ, ಪ್ರಭೇದ ಗೊತ್ತಿಲ್ಲ, ಕೊಡಗು.