ಕಣ್ಣಳತೆಯವರು ಅಡುಗೆ ಕಾಲೇಜಿಗೆ ಹೊರಟಾಗ

ಕಣ್ಣಳತೆಯಲ್ಲೇ ಅಡುಗೆ ಮಾಡಿ ಬೆಳೆದ ನಮ್ಮವರು ಅಮೆರಿಕದಲ್ಲಿ ಅಡುಗೆ ಕೋರ್ಸಿಗೆ ಸೇರುವುದಾದರೆ ತಿಳಿದಿರಬೇಕಾದ ಮಾತುಗಳಿವು. ಕಾಗದಪತ್ರದ ಮಾತು ಮೊದಲು ಮುಗಿಸೋಣ. ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳಲ್ಲಿ ರಾಜ್ಯದ ನಿವಾಸಿಗಳಿಗೆ ಶುಲ್ಕ ಯೂನಿಟ್‌ಗೆ (ಕೋರ್ಸಿನ ಪಾಠ ಅಳೆಯುವ ಲೆಕ್ಕ) 46 ಡಾಲರ್, ಉಳಿದವರಿಗೆ ಅದರ ಹಲವು ಪಟ್ಟು. ಎಚ್-4, ಅಂದರೆ ಉದ್ಯೋಗ ವೀಸಾದಲ್ಲಿ ಬಂದವರ ಸಂಗಾತಿ-ಮಕ್ಕಳ ವೀಸಾ ಇದ್ದವರು ಓದಬಹುದು. ಕೆಲಸದ ಪರವಾನಗಿ ಇಲ್ಲದೆ ಸಂಬಳದ ಎಕ್ಸ್‌ಟರ್ನ್‌ಶಿಪ್ (ಹೊರಗಿನ ಅಡುಗೆಮನೆಯಲ್ಲಿ ಕೆಲಸದ ತರಬೇತಿ) ಮಾಡುವಂತಿಲ್ಲ. ವಿದ್ಯಾರ್ಥಿ ವೀಸಾ ಎಫ್-1 ಆದರೆ ಸೆಮಿಸ್ಟರಿಗೆ ಕನಿಷ್ಠ 12 ಯೂನಿಟ್ ತೆಗೆದುಕೊಳ್ಳಬೇಕು.

ಫಜೀತಿ ಶುರುವಾಗುವುದು ಚಾಕುವಿನಿಂದ. ಇಷ್ಟು ವರ್ಷ ಮನೆ ತುಂಬ ಜನಕ್ಕೆ ಬೇಯಿಸಿ ಹಾಕಿದವರಿಗೆ ಹೆಚ್ಚೋದನ್ನೇನು ಹೇಳಿಕೊಡ್ತಾರೆ ಎನ್ನುವ ಧಿಮಾಕು ಮೊದಲ ವಾರವೇ ಇಳಿಯುತ್ತದೆ. ಈಳಿಗೆ ಮಣೆಯಲ್ಲಿ ಅಲಗು ನಿಂತಿರುತ್ತದೆ, ತರಕಾರಿ ಓಡಾಡುತ್ತದೆ. ಇಲ್ಲಿ ಎಲ್ಲ ತಿರುಗುಮುರುಗು. ಹೆಚ್ಚುವ ಹಲಗೆ ಜಾರದಂತೆ ಕೆಳಗೆ ಒದ್ದೆ ಬಟ್ಟೆ ಹಾಸಿ. ಎಡಗೈ ಬೆರಳ ತುದಿಗಳನ್ನು ಒಳಕ್ಕೆ ಮಡಚಿ, ಗೆಣ್ಣು ಅಲಗಿಗೆ ತಾಗಿರಲಿ, ಹೆಬ್ಬೆರಳು ಹಿಂದೆ ಅಡಗಿರಲಿ. ಅದು ಮುಂದೆ ಬಂದ ದಿನ ಉಗುರು ಹೋಯಿತೆಂದೇ ಲೆಕ್ಕ.

ಬ್ರುನ್ವಾಸ್ ಎಂದರೆ ಒಂದಿಂಚಿನ ಎಂಟನೇ ಒಂದು ಭಾಗದ ಚೌಕ ತುಂಡು, ಸ್ಮಾಲ್ ಡೈಸ್ ಕಾಲಿಂಚು. ನಮ್ಮವರ ತುಂಡು ಸೊಟ್ಟಗಾಗುವುದಕ್ಕೆ ಕಾರಣ ಕೈಯಲ್ಲ, ಜಿಪುಣತನ. ಕ್ಯಾರೆಟ್‌ನ ನಾಲ್ಕು ಬದಿ ಕೆತ್ತಿ ಚಪ್ಪಟೆ ಮಾಡಲು ಮನಸ್ಸು ಬರುವುದಿಲ್ಲ, ಗುಂಡಗಿದ್ದದ್ದು ಉರುಳುತ್ತದೆ. ಕೆತ್ತಿ. ಆ ಚೂರು ಸ್ಟಾಕಿಗೆ (ಸೂಪು, ಸಾಸಿಗೆ ಬೇಯಿಸಿಟ್ಟುಕೊಳ್ಳುವ ತಿಳಿಗೆ) ಹೋಗುತ್ತದೆ, ಮನೆಯಲ್ಲಾದರೆ ಪಲ್ಯಕ್ಕೆ.

ಬೆಶಮೆಲ್ ಎಂಬ ಬಿಳಿ ಸಾಸಿಗೆ ಬೆಣ್ಣೆ 60 ಗ್ರಾಂ, ಮೈದಾ 60 ಗ್ರಾಂ, ಹಾಲು ಒಂದು ಲೀಟರ್. ಘಮ ಬರುವ ತನಕ ಹುರಿಯುವುದು ನಮ್ಮ ರಕ್ತದಲ್ಲೇ ಇದೆ, ರವೆಯಂತೆ ಕೆಂಪಗೆ ಹುರಿದು ಕೂರುತ್ತೇವೆ. ಇಲ್ಲಿ ಹಸಿ ವಾಸನೆ ಹೋದರೆ ಸಾಕು, ಬಣ್ಣ ತಿರುಗಬಾರದು. ಹಾಲು ಸ್ವಲ್ಪ ಸ್ವಲ್ಪವೇ ಹಾಕಿ ಕಲಸಿ, ಆಮೇಲೆ ಸಣ್ಣ ಉರಿಯಲ್ಲಿ 20 ನಿಮಿಷ ಬಿಡಿ. ಬೇಗ ಇಳಿಸಿದರೆ ನಾಲಿಗೆಗೆ ಹಿಟ್ಟು ಹಿಟ್ಟು.

ಅಂಗೈಗೆ ಸೌಟಿನಿಂದ ಎರಡು ಹನಿ ಬಿಟ್ಟುಕೊಂಡು ನೆಕ್ಕುವುದನ್ನು ಇವತ್ತೇ ಬಿಡಿ. ಪ್ರತಿ ಸಲಕ್ಕೂ ಬೇರೆ ಚಮಚ. ಎಂಜಲು-ಮುಸುರೆ ಎಂದು ಹಾರಾಡಿದವರೇ ಇದರಲ್ಲಿ ಅಂಕ ಕಳೆದುಕೊಳ್ಳುವುದು! ಬಳೆ, ಕಲ್ಲಿನುಂಗುರ, ಮುಂಗೈಗೆ ಕಟ್ಟಿದ ದೇವರ ದಾರ ಎಲ್ಲ ಲಾಕರಿನಲ್ಲಿ.

ಮಾಂಸ ಮುಟ್ಟದವರು ಹೆಸರು ನೋಂದಾಯಿಸುವ ಮೊದಲೇ ಬೋಧಕರನ್ನು ಕೇಳಿ. ರುಚಿ ನೋಡುವುದರಿಂದ ವಿನಾಯಿತಿ ಸಿಕ್ಕರೂ ಇಡೀ ಕೋಳಿಯನ್ನು ಎಂಟು ತುಂಡು ಮಾಡುವ ಪಾಠದಿಂದ ಸಿಗುವುದು ಕಷ್ಟ.

ಇನ್ನು ಥರ್ಮಾಮೀಟರ್. 41ರಿಂದ 135 ಡಿಗ್ರಿ ಫ್ಯಾರನ್‌ಹೀಟ್, ರೋಗಾಣು ಬೇಗ ಬೆಳೆಯುವ ಅಪಾಯದ ವಲಯ. ಬಿಸಿ ಅಡುಗೆ ಎರಡು ಗಂಟೆಯೊಳಗೆ 135ರಿಂದ 70ಕ್ಕೆ, ಮುಂದಿನ ನಾಲ್ಕು ಗಂಟೆಯಲ್ಲಿ 41ಕ್ಕೆ ಇಳಿಯಬೇಕು. ಕೊಳದಪ್ಪಲೆ ತುಂಬ ಹುಳಿಯನ್ನು ಹಾಗೇ ಫ್ರಿಜ್ಜಿಗೆ ತಳ್ಳಿದರೆ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ಎರಡಿಂಚು ಆಳದ ತಟ್ಟೆಗಳಿಗೆ ಹರಡಿ, ಕೆಳಗೆ ಐಸ್ ನೀರು ಇಡಿ. ರಾತ್ರಿಯ ಅನ್ನ ಮುಚ್ಚಿಟ್ಟು ಬೆಳಗ್ಗೆ ಚಿತ್ರಾನ್ನ ಕಲಸುವ ಕಥೆಯನ್ನು ತರಗತಿಯಲ್ಲಿ ಹೇಳಲು ಹೋಗಬೇಡಿ. ಅನ್ನದಲ್ಲಿ ಬೇಯಿಸಿದರೂ ಸಾಯದ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳಿರಬಹುದು, ಹೊರಗಿಟ್ಟರೆ ಬೆಳೆಯುತ್ತವೆ, ಅವುಗಳ ಒಂದು ವಿಷ ಒಗ್ಗರಣೆಯ ಬಿಸಿಗೂ ಜಗ್ಗುವುದಿಲ್ಲ. ವಿಜ್ಞಾನ ಸರಿಯೇ. ಆದರೂ ಅಜ್ಜಿಯ ಅಡುಗೆಮನೆಯನ್ನು ಯಾರೋ ತಪಾಸಣೆಗೆ ಬಂದು ಮುಚ್ಚಿಸಿದ ಹಾಗೆ ಒಂದು ಗಳಿಗೆ ಅನಿಸುತ್ತದೆ.

ಕೋರ್ಸಿನ ಅರ್ಧಕ್ಕೆ ಬರುವಷ್ಟರಲ್ಲಿ ಗ್ರಾಂ ಇಲ್ಲದೆ ಕೈ ಓಡದು. ಮನೆಯ ಮಕ್ಕಳೂ "ರುಚಿಗೆ ತಕ್ಕಷ್ಟು ಅಂದ್ರೆ ಎಷ್ಟು ಗ್ರಾಂ?" ಎಂದು ಕೇಳತೊಡಗುತ್ತಾರೆ. ಇಲ್ಲೇ ಹುಟ್ಟಿದ ಮಕ್ಕಳು, ಅಜ್ಜಿಯ ಕೈಯನ್ನು ವಿಡಿಯೋ ಕಾಲಿನಲ್ಲಿ ಬಿಟ್ಟರೆ ಕಂಡವರಲ್ಲ. ಊರಿಗೆ ಹೋಗುವಾಗ ಪುಟ್ಟ ಡಿಜಿಟಲ್ ತಕ್ಕಡಿಯೊಂದನ್ನು ಒಯ್ಯಿರಿ. ಹುಳಿಪುಡಿ ಹುರಿಯುವ ಮೊದಲು ಅಮ್ಮನ ಒಂದೊಂದು ಹಿಡಿಯನ್ನೂ ಅದರ ಮೇಲೆ ಹಾಕಿಸಿ. ಮೂರು ಸಲ ಹಿಡಿದರೆ ಮೂರು ತೂಕ ಬರುತ್ತದೆ, ಅಮ್ಮ ನಗುತ್ತಾರೆ. ಮೂರನ್ನೂ ಬರೆದುಕೊಳ್ಳಿ.