ಬೀದಿ ನಾಯಿಗೆ ಮೂರು ಸಾವಿರ ಅಡ್ವಾನ್ಸ್: ನವನಗರದಲ್ಲಿ ನನ್ನ ಫಾಸ್ಟರಿಂಗ್ ಅನುಭವ

ನಾಯಿಯನ್ನು ಪುಕ್ಕಟೆ ಕೊಡಬೇಡಿ. ನಾಲ್ಕೈದು ವರ್ಷದ ಹಿಂದೆ ನಾನು ಈ ಮಾತು ಹೇಳಿದಾಗ ಜೊತೆಗೆ ಬೀದಿ ನಾಯಿ ರೆಸ್ಕ್ಯೂ ಮಾಡಿ, ಮನೆ ಸಿಗುವವರೆಗೆ ಸಾಕುವ (ಅದೇ ಫಾಸ್ಟರಿಂಗ್) ಗೆಳೆಯರೆಲ್ಲ ನಕ್ಕಿದ್ದರು. ‘ಪುಕ್ಕಟೆ ಕೊಟ್ರೂ ಒಯ್ಯಾಂಗಿಲ್ಲ, ಬೀದಿ ಮರಿಗೆ ಯಾಂವ ರೊಕ್ಕ ಕೊಡತಾನಪಾ?’ ಅಂದರು ಒಬ್ಬರು. ‘ನಾಯಿ ದಲ್ಲಾಳಿ ಆಗಾಂವ ಏನ್ ನೀ?’ ಅಂದರು ಇನ್ನೊಬ್ಬರು. ಈಗ ಅವರಲ್ಲೇ ಇಬ್ಬರು ನನ್ನ ಕರಾರು ಹಾಳೆಯನ್ನು ಜೆರಾಕ್ಸ್ ಮಾಡಿಕೊಂಡು ಅದನ್ನೇ ನಡೆಸುತ್ತಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಬಾಗಲಕೋಟೆ ನವನಗರದಲ್ಲಿ ನನ್ನದು ಮೋಟರ್ ವೈಂಡಿಂಗ್ ಅಂಗಡಿ. ಹಳೇ ಊರು ಆಲಮಟ್ಟಿ ಹಿನ್ನೀರಿಗೆ ಹೋದ ಮೇಲೆ ಇಲ್ಲಿಗೆ ಬಂದವರು ನಾವು. ಸೆಕ್ಟರ್ ಮನೆ, ಹಿಂದೆ ಸಣ್ಣ ಹಿತ್ತಲು, ಒಂದು ತಗಡಿನ ಶೆಡ್ಡು. ರೈತರು ಸುಟ್ಟ ಮೋಟರ್ ತಂದು ಇಳಿಸಿ ಹೋಗುತ್ತಾರೆ. ಅಡ್ವಾನ್ಸ್ ಕೊಟ್ಟು ಹೋದವನು ನಾಲ್ಕನೇ ದಿನಕ್ಕೆ ಬಂದು ತಲೆ ತಿನ್ನುತ್ತಾನೆ. ಕೊಡದೆ ಹೋದವನ ಮೋಟರ್ ವರ್ಷಗಟ್ಟಲೆ ನನ್ನ ಅಂಗಡಿಯಲ್ಲೇ ತುಕ್ಕು ಹಿಡಿಯುತ್ತದೆ. ನಾಯಿಯ ಅಡ್ವಾನ್ಸ್ ನನಗೆ ಹೊಳೆದದ್ದು ಹೀಗೆ. ಬೇರೆ ಯಾವ ಶಾಸ್ತ್ರವೂ ಇದರ ಹಿಂದೆ ಇಲ್ಲ.

ಮೊದಲು ಹೇಗಿತ್ತು ಅಂದರೆ, ಎಲ್ಲರಂತೆ ನಾನೂ ಮರಿಯ ಫೋಟೊ ಹಾಕುತ್ತಿದ್ದೆ. ಕಣ್ಣು ದೊಡ್ಡದಾಗಿ ಕಾಣಬೇಕು, ಕೆಳಗೆ ‘ದಯವಿಟ್ಟು ಒಂದು ಮನೆ ಕೊಡಿ’ ಅಂತ ಇರಬೇಕು. ಸಂಜೆಯೊಳಗೆ ಫೋನ್ ಬರುತ್ತಿತ್ತು. ಮರುದಿನ ಯಾರೋ ಬೈಕ್ ಮೇಲೆ ಬಂದು ಮರಿಯನ್ನು ರಟ್ಟಿನ ಡಬ್ಬಿಯಲ್ಲಿ ಒಯ್ಯುತ್ತಿದ್ದರು. ಹತ್ತು ಮರಿ ಹೋದರೆ ನಾಲ್ಕು ವಾಪಸ್ ಬರುತ್ತಿದ್ದವು, ಇಲ್ಲವೇ ಕಾಣೆಯಾಗುತ್ತಿದ್ದವು. ‘ರಾತ್ರಿ ಅಳತೈತಿ’, ‘ಹೆಂಡತಿ ಒಲ್ಲೆ ಅಂತಾಳ’, ‘ಚಪ್ಪಲಿ ಕಡಿತು’, ‘ಮನಿ ಮಾಲೀಕ ಬ್ಯಾಡ ಅಂದ’. ಒಬ್ಬ ಪುಣ್ಯಾತ್ಮನಂತೂ ಎರಡು ತಿಂಗಳ ಹೆಣ್ಣು ಮರಿಯನ್ನು ಗದ್ದನಕೇರಿ ಕ್ರಾಸ್‌ನಲ್ಲಿ ಬಿಟ್ಟು, ‘ಓಡಿ ಹೋತ್ರಿ’ ಅಂತ ಫೋನ್ ಮಾಡಿದ್ದ. ವಾಪಸ್ ಬಂದ ನಾಯಿ ಹೋದ ನಾಯಿಯಂತೆ ಇರುವುದಿಲ್ಲ ಅನ್ನುವುದು ನಿಮಗೂ ಗೊತ್ತು. ಮತ್ತೆ ಮೊದಲಿನಿಂದ ಶುರು ಮಾಡಬೇಕು.

ಈಗ ನನ್ನ ಲೆಕ್ಕ ಹೀಗಿದೆ. ಒಯ್ಯುವವರು ಮೂರು ಸಾವಿರ ಇಡಬೇಕು. ಅದು ನಾಯಿಯ ಬೆಲೆ ಅಲ್ಲ, ವಾಪಸ್ ಸಿಗುವ ದುಡ್ಡು. ಸಂತಾನಹರಣ ಆಪರೇಷನ್ ಆದ ಚೀಟಿ ತೋರಿಸಿದರೆ ಎರಡು ಸಾವಿರ ವಾಪಸ್. ಮರು ವರ್ಷ ರೇಬೀಸ್ ಲಸಿಕೆಯ ಪುಸ್ತಕ ತೋರಿಸಿದರೆ ಉಳಿದ ಒಂದು ಸಾವಿರ. ದೊಡ್ಡ ನಾಯಿಗೆ ನಾನೇ ಆಪರೇಷನ್ ಮಾಡಿಸಿ ಕೊಟ್ಟಿರುತ್ತೇನೆ. ಅದಕ್ಕೆ ಎರಡು ಸಾವಿರ ಆರು ತಿಂಗಳ ಮೇಲೆ ನಾಯಿಯನ್ನು ನೋಡಿ ಕೊಡುತ್ತೇನೆ. ಇಷ್ಟೇ.

ಶುರುವಿನಲ್ಲಿ ಇದು ನಡೆಯಲೇ ಇಲ್ಲ. ಮೂರು ನಾಲ್ಕು ತಿಂಗಳು ಒಂದೇ ಒಂದು ನಾಯಿ ಹೋಗಲಿಲ್ಲ. ದುಡ್ಡಿನ ಮಾತು ಬಂದ ಕೂಡಲೇ ಫೋನ್ ಕಟ್. ಹಿತ್ತಲಲ್ಲಿ ಏಳು ನಾಯಿ ಸೇರಿದವು. ಪಕ್ಕದ ಮನೆಯವರು ಮಾತು ಬಿಟ್ಟರು. ತಿಂಗಳ ಖರ್ಚು ಹನ್ನೆರಡು ಸಾವಿರ ದಾಟಿತು. ಅದು ಬೇಸಿಗೆ ಬೇರೆ, ಮೋಟರ್ ಸೀಸನ್ ಇದ್ದದ್ದಕ್ಕೆ ಬಚಾವಾದೆ. ಗೆಳೆಯರು ‘ಹೇಳಿದ್ವಿಲ್ಲೋ’ ಅಂದರು. ನಾನು ಕರಾರು ಬಿಡಲಿಲ್ಲ, ಗಿರಾಕಿಯನ್ನು ಬದಲಿಸಿದೆ. ಫೋಟೊ ಹಾಕುವುದು ಬಿಟ್ಟು ಅಂಗಡಿಗೆ ಬರುವ ರೈತರ ಹತ್ತಿರ ಮಾತು ತೆಗೆದೆ. ಬೀಳಗಿ ಕಡೆಯ ಕಬ್ಬಿನ ರೈತರೊಬ್ಬರು ಮೊದಲು ಒಪ್ಪಿದರು. ತೋಟದ ಮನೆ, ಹಂದಿ ಕಾಟ, ಕೇಬಲ್ ಕಳ್ಳರ ಕಾಟ. ಮೂರು ಸಾವಿರ ಎಣಿಸಿ ಕೊಟ್ಟು, ‘ಹಂಗಾರ ನಾಯಿ ಪಕ್ಕಾ ಇರಬೇಕು ನೋಡ್ರಿ’ ಅಂದರು. ಆಗಲೇ ನನಗೆ ಅರ್ಥವಾದದ್ದು: ದುಡ್ಡು ಇಟ್ಟವನು ಪ್ರಶ್ನೆ ಕೇಳುತ್ತಾನೆ. ಏನು ತಿನ್ನುತ್ತದೆ, ರಾತ್ರಿ ಎಲ್ಲಿ ಮಲಗುತ್ತದೆ, ಮಕ್ಕಳಿಗೆ ಕಚ್ಚುತ್ತದೋ? ಪುಕ್ಕಟೆ ಒಯ್ಯುವವನು ‘ಏನ್ ಹೆಸರಿಡೋಣ’ ಅಂತ ಮಾತ್ರ ಕೇಳುತ್ತಾನೆ.

ಮೋಟರ್ ಇಟ್ಟುಕೊಂಡ ರೀತಿ ನೋಡಿದರೆ ಆ ಮನುಷ್ಯ ನಾಯಿ ಹೇಗೆ ಇಟ್ಟುಕೊಳ್ಳುತ್ತಾನೆ ಅನ್ನುವುದು ಅರ್ಧ ಗೊತ್ತಾಗುತ್ತದೆ. ಉಳಿದರ್ಧಕ್ಕೆ ಫೋನಿನಲ್ಲಿ ಒಂದು ಪ್ರಶ್ನೆ ಕೇಳುತ್ತೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಉತ್ತರ ಕಲಿತುಕೊಂಡು ಬರುತ್ತಾರೆ.

ತೋಟಕ್ಕೆ ಕೊಟ್ಟರೆ ಎಲ್ಲ ಮುಗಿಯಿತು ಅಂತಲ್ಲ. ನಮ್ಮ ಕಡೆ ದ್ರಾಕ್ಷಿ ಜಾಸ್ತಿ. ದ್ರಾಕ್ಷಿ, ಒಣದ್ರಾಕ್ಷಿ ಎರಡೂ ನಾಯಿಗೆ ವಿಷ. ಕಿಡ್ನಿ ಕೆಡುತ್ತದೆ. ಎಷ್ಟು ತಿಂದರೆ ಕೆಡುತ್ತದೆ ಅಂತ ಗೆರೆ ಎಳೆಯಲು ಬರುವುದಿಲ್ಲ, ಕೆಲವಕ್ಕೆ ಒಂದು ಹಿಡಿಯೇ ಸಾಕು. ಒಣಗಿಸುವ ಶೆಡ್ಡಿಗೆ ಜಾಳಿಗೆ ಇಲ್ಲದ ದ್ರಾಕ್ಷಿ ತೋಟಕ್ಕೆ ನಾನು ನಾಯಿ ಕೊಡುವುದಿಲ್ಲ. ತಿಕೋಟಾ ಕಡೆಯ ಒಬ್ಬರು ಇದನ್ನು ಕೇಳಿ ಸಿಟ್ಟಾದರು. ‘ನಮ್ಮ ಅಜ್ಜನ ಕಾಲದಿಂದ ನಾಯಿ ಅದಾವ’ ಅಂದರು. ಇರಲಿ ಬಿಡಿ. ಹಂದಿಗೆ ವಿಷ ಇಡುವವರಿಗೂ ಇಲ್ಲ. ಹಗಲೆಲ್ಲ ಮೊಳ ಉದ್ದದ ಸರಪಳಿಗೆ ಕಟ್ಟುವವರಿಗೂ ಇಲ್ಲ. ಕಟ್ಟಲೇಬೇಕು ಅನ್ನುವವರಿಗೆ ಎರಡು ಕಂಬದ ನಡುವೆ ತಂತಿ ಎಳೆದು, ಅದರಲ್ಲಿ ಬಳೆ ಓಡುವಂತೆ ಮಾಡಿಕೊಡುತ್ತೇನೆ. ಹಳೇ ಕೇಬಲ್ ನನ್ನ ಹತ್ತಿರ ಬೇಕಾದಷ್ಟಿದೆ. ನಾಯಿ ನಲವತ್ತು ಅಡಿ ಓಡಾಡುತ್ತದೆ, ರೈತನೂ ಖುಷಿ.

ಎಲ್ಲ ನಾಯಿಗೂ ಮನೆ ಹುಡುಕುವುದಿಲ್ಲ. ಗಟ್ಟಿಯಾಗಿರುವ ಬೀದಿ ನಾಯಿಗೆ ಆಪರೇಷನ್, ಲಸಿಕೆ ಮಾಡಿ ಹಿಡಿದ ಜಾಗಕ್ಕೇ ಬಿಡಬೇಕು ಅಂತ 2023ರ ಎಬಿಸಿ (ಪ್ರಾಣಿ ಜನನ ನಿಯಂತ್ರಣ) ನಿಯಮವೇ ಹೇಳುತ್ತದೆ. ಅದರ ಓಣಿ ಅದಕ್ಕೆ ಗೊತ್ತಿರುತ್ತದೆ, ಓಣಿಯವರಿಗೂ ಅದು ಗೊತ್ತಿರುತ್ತದೆ. ತಾಯಿ ಸತ್ತ ಮರಿ, ಸಾಕಿ ಬಿಟ್ಟ ನಾಯಿ, ಕಾಲು ಕಳೆದುಕೊಂಡದ್ದು, ಇಂಥವು ಮಾತ್ರ ನನ್ನ ಹಿತ್ತಲಿಗೆ ಬರುತ್ತವೆ.

ಸಾಕಿ ಬಿಟ್ಟವುಗಳಲ್ಲಿ ನಮ್ಮ ಜಿಲ್ಲೆಯದೇ ಒಂದು ತಲೆನೋವು ಮುಧೋಳ ನಾಯಿ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂತು, 2016ರಲ್ಲಿ ಮರಿಗಳು ಸೈನ್ಯದ ತರಬೇತಿಗೆ ಮೀರತ್‌ಗೆ ಹೋದವು, 2020ರಲ್ಲಿ ಪ್ರಧಾನಿ ರೇಡಿಯೊದಲ್ಲಿ ಹೆಸರು ಹೇಳಿದರು. ಎಲ್ಲ ಹೆಮ್ಮೆಯೇ. ಆದರೆ ಹೆಸರು ಕೇಳಿ ಕೊಂಡವರಲ್ಲಿ ಕೆಲವರು ಅದನ್ನು ಎರಡನೇ ಮಹಡಿಯಲ್ಲಿ ಕಟ್ಟಿ ಹಾಕುತ್ತಾರೆ. ಅದು ಓಡುವ ನಾಯಿ ಸ್ವಾಮಿ! ಓಡಲು ಬಿಡದಿದ್ದರೆ ಬಾಗಿಲು ಕೆರೆಯುತ್ತದೆ, ಸೋಫಾ ಹರಿಯುತ್ತದೆ. ವರ್ಷ ತುಂಬುವ ಹೊತ್ತಿಗೆ ರಸ್ತೆ ಪಾಲು. ನನ್ನ ಹತ್ತಿರ ಐದಾರು ಬಂದು ಹೋಗಿವೆ. ಸುಮಾರು ಐದು ಅಡಿ ಗೋಡೆ ಅವಕ್ಕೆ ಲೆಕ್ಕವೇ ಅಲ್ಲ, ಮೇಲೆ ಮತ್ತೆರಡು ಅಡಿ ಜಾಳಿಗೆ ಏರಿಸಿದ ಮೇಲೆ ನಿಂತವು. ಹೊಸಬರು ಮುಟ್ಟಿದರೆ ಅವಕ್ಕೆ ಆಗುವುದಿಲ್ಲ. ನೋಡಲು ಬಂದವರು ಹತ್ತು ಹದಿನೈದು ನಿಮಿಷ ಸುಮ್ನೆ ಕಟ್ಟೆಯ ಮೇಲೆ ಕೂರಬೇಕು, ಕೈ ಚಾಚಬಾರದು. ಆಪರೇಷನ್ ಇದ್ದಾಗ ಡಾಕ್ಟರಿಗೆ ನೆನಪಿಸಿ, ಮೈಯಲ್ಲಿ ಕೊಬ್ಬು ಕಡಿಮೆ ಇರುವ ಇಂಥ ನಾಯಿಗಳಿಗೆ ಕೆಲವು ಅರಿವಳಿಕೆ ಇಳಿಯಲು ತಡ. ತೂಕ ಮಾಡದೆ ಸೂಜಿ ಹಾಕಲು ಬಿಡಬೇಡಿ. ಇನ್ನು ಪಕ್ಕೆಲುಬು ಕಾಣುತ್ತದೆ ಅಂತ ನೆರೆಯವರು ‘ಊಟ ಹಾಕಂಗಿಲ್ಲೇನ್ರಿ?’ ಅಂತ ಕೇಳುತ್ತಲೇ ಇರುತ್ತಾರೆ. ಅದಕ್ಕೆ ಔಷಧಿ ಇಲ್ಲ.

ಹೋಳಿಯ ವಿಷಯ ಹೇಳಲೇಬೇಕು. ಬಾಗಲಕೋಟೆ ಹೋಳಿ ಅಂದರೆ ಒಂದು ದಿನದ್ದಲ್ಲ. ಬಣ್ಣಕ್ಕೂ ಮೊದಲೇ ಹಲಗೆ ವಾದ್ಯದ ಬಡಿತ ಶುರುವಾಗುತ್ತದೆ. ಆಮೇಲೆ ಬಂಡಿಯಲ್ಲಿ ಬ್ಯಾರೆಲ್‌ಗಟ್ಟಲೆ ಬಣ್ಣ. ನಮಗೆ ಹಬ್ಬ, ನಾಯಿಗೆ ನರಕ. ಒಂದು ವರ್ಷ ಹಲಗೆ ಸದ್ದಿಗೆ ಮೂರು ಕಾಲಿನ ನಾಯಿಯೊಂದು ತಗಡು ಕಿತ್ತು ಓಡಿ ಹೋಗಿ, ವಿದ್ಯಾಗಿರಿಯಲ್ಲಿ ಸಿಕ್ಕಿತು. ಮೂರು ಕಾಲಲ್ಲಿ ಅಷ್ಟು ದೂರ! ಮರು ವರ್ಷ ಒಂದು ಪ್ರಯೋಗ ಮಾಡಿದೆ. ಹಲಗೆ ಸದ್ದನ್ನು ಮೊಬೈಲಿನಲ್ಲಿ ಹಿಡಿದುಕೊಂಡು ಸಂಕ್ರಾಂತಿ ಮುಗಿದ ಮೇಲೆ ದಿನಾ ಊಟದ ಹೊತ್ತಿಗೆ ಸಣ್ಣಗೆ ಹಾಕಿದೆ. ನಾಯಿ ತಟ್ಟೆ ಬಿಟ್ಟು ತಲೆ ಎತ್ತಿದರೆ ಸದ್ದು ಇಳಿಸುವುದು, ತಿನ್ನುತ್ತಿದ್ದರೆ ಮರುದಿನ ಒಂದು ಗೆರೆ ಏರಿಸುವುದು. ಮರಿಗಳು ವಾರ ಹತ್ತು ದಿನಕ್ಕೆ ಒಗ್ಗಿದವು. ದೊಡ್ಡವುಗಳಲ್ಲಿ ಅರ್ಧದಷ್ಟು. ಒಂದು ನಾಯಿ ಮಾತ್ರ ಮೊಬೈಲ್ ಕಂಡರೇ ಓಡತೊಡಗಿತು. ಪಟಾಕಿಗೆ ಇದೇ ಉಪಾಯ ಮಾಡಿ ಸೋತೆ. ಪಟಾಕಿಯಲ್ಲಿ ಬೆಳಕು, ವಾಸನೆ, ನೆಲ ಅದುರುವುದು ಎಲ್ಲ ಇರುತ್ತದಲ್ವಾ, ಮೊಬೈಲಿಗೆ ಅದು ಬರುವುದಿಲ್ಲ. ದೀಪಾವಳಿಗೆ ಈಗಲೂ ಒಳಕೋಣೆ, ಕಿಟಕಿಗೆ ದುಪ್ಪಟಿ, ಜೋರಾಗಿ ಫ್ಯಾನ್.

ಮರಿ ಮನೆಗೆ ಹೋಗುವ ಮೊದಲು ಕುಕ್ಕರ್ ಸೀಟಿ, ಮಿಕ್ಸರ್, ಬೈಕ್ ಕಿಕ್ ಹೊಡೆಯುವುದು, ಕಸಬರಿಗೆ, ಇಷ್ಟು ಅದಕ್ಕೆ ಮಾಮೂಲಾಗಿರಬೇಕು. ರಾತ್ರಿ ಒಂಟಿಯಾಗಿ ಮಲಗಲು ಬರಬೇಕು. ವಾಪಸ್ ಬಂದವುಗಳಲ್ಲಿ ಹೆಚ್ಚಿನವು ಮೊದಲ ಮೂರು ರಾತ್ರಿ ಅತ್ತು ಬಂದವು. ಅದಕ್ಕೇ ನನ್ನ ಮನೆಯಲ್ಲಿ ಹಾಸಿಗೆ ಮೇಲೆ ಮರಿ ಮಲಗಿಸುವುದು ಬಂದ್. ಮಗಳಿಗೆ ಈಗಲೂ ಸಿಟ್ಟಿದೆ.

ಊಟ ಜೋಳದ ನುಚ್ಚು, ಕೋಳಿ ಕಾಲು ಮತ್ತು ಕತ್ತಿನ ಸೂಪು, ವಾರಕ್ಕೆ ಎರಡು ಮೂರು ಮೊಟ್ಟೆ. ನುಚ್ಚು ಮುದ್ದೆಯಾಗುವಷ್ಟು ಬೇಯಬೇಕು, ಇಲ್ಲವಾದರೆ ಹೇಗೆ ಹೋಯಿತೋ ಹಾಗೇ ಬರುತ್ತದೆ. ಮನೆಯಲ್ಲಿ ಉಳಿದ ಪಲ್ಯ ಹಾಕುವುದಿಲ್ಲ, ಉಳ್ಳಾಗಡ್ಡಿ, ಬೆಳ್ಳುಳ್ಳಿ ಇಲ್ಲದ ಪಲ್ಯ ನಮ್ಮಲ್ಲಿ ಎಲ್ಲಿದೆ? ಎರಡೂ ನಾಯಿಯ ರಕ್ತ ಕೆಡಿಸುತ್ತವೆ. ಗುಳಿಗೆ ನುಂಗಿಸಲು ಬೆಲ್ಲ, ಪೇಡೆ, ಖೋವಾ ಎಲ್ಲ ಮಾಡಿ ನೋಡಿದೆ, ಉಗುಳಿದವು. ಈಗ ಕಿರಾಣಿ ಅಂಗಡಿಯಲ್ಲಿ ಐದು ರೂಪಾಯಿಗೆ ಸಿಗುವ ಒಂದು ವಸ್ತು ಬಳಸುತ್ತೇನೆ. ಅದು ನನ್ನ ಹತ್ತಿರವೇ ಇರಲಿ.

ಪಾರ್ವೊ, ಅಂದರೆ ಮರಿಗಳನ್ನು ಕೊಲ್ಲುವ ವಾಂತಿ-ಭೇದಿಯ ವೈರಸ್ ರೋಗ, ನನಗೆ ಎಲ್ಲಕ್ಕಿಂತ ದುಬಾರಿಯಾದದ್ದು. ಆರು ಮರಿಗಳ ಒಂದು ಗುಂಪು ಬಂದಿತ್ತು, ಒಂದೂವರೆ ತಿಂಗಳಿನವು ಇರಬೇಕು. ಬಂದಾಗ ಚಿಗರೆಯಂತೆ ಕುಣಿಯುತ್ತಿದ್ದವು. ನಾಲ್ಕನೇ ದಿನ ಒಂದಕ್ಕೆ ವಾಂತಿ, ಆಮೇಲೆ ರಕ್ತದ ಭೇದಿ, ಆ ವಾಸನೆ ಒಮ್ಮೆ ಮೂಗಿಗೆ ಬಿದ್ದವರು ಮರೆಯುವುದಿಲ್ಲ. ದಿನಕ್ಕೆ ಒಂದು ಮರಿಗೆ ಡ್ರಿಪ್ಪು, ಸೂಜಿ ಸೇರಿ ಎಂಟುನೂರರ ಹತ್ತಿರ. ವಾರದಲ್ಲಿ ಹದಿನೈದು ಸಾವಿರಕ್ಕೂ ಹೆಚ್ಚು ಹೋಯಿತು. ಉಳಿದದ್ದು ಒಂದು. ಆ ವೈರಸ್ಸು ಮಣ್ಣಿನಲ್ಲಿ ತಿಂಗಳುಗಟ್ಟಲೆ, ವರ್ಷದವರೆಗೂ ಜೀವ ಹಿಡಿದಿರುತ್ತದೆ. ಫಿನೈಲಿಗೆ ಬಗ್ಗುವುದಿಲ್ಲ. ಮಣ್ಣಿನ ಹಿತ್ತಲಿಗೆ ಸಿಮೆಂಟ್ ಹಾಕಿಸಿದೆ, ಅದೊಂದು ಇಪ್ಪತ್ತು ಸಾವಿರ. ಒಂದು ಪಾಲು ಬ್ಲೀಚಿಗೆ ಮೂವತ್ತು ಪಾಲು ನೀರು, ಮೊದಲು ಸೋಪಿನಿಂದ ತೊಳೆದು ಆಮೇಲೆ ಇದನ್ನು ಸುರಿದು ಹತ್ತು ನಿಮಿಷ ಬಿಡುತ್ತೇನೆ. ಲಸಿಕೆ ಇಲ್ಲದ ಮರಿಯನ್ನು ಆ ವರ್ಷವಿಡೀ ಒಳಗೆ ಬಿಡಲಿಲ್ಲ. ಈಗ ಹೊಸ ಮರಿಗೆ ಎರಡು ವಾರ ಮೇಲಿನ ಟೆರೇಸ್ ಕೋಣೆ. ಅಲ್ಲಿಗೆ ಹೋಗಲು ಬೇರೆ ಚಪ್ಪಲಿ, ಬೇರೆ ಅಂಗಿ. ಕೆಳಗಿನ ನಾಯಿಗಳ ಕೆಲಸ ಮುಗಿದ ಮೇಲಷ್ಟೇ ಮೇಲೆ ಹತ್ತುತ್ತೇನೆ.

ಇದಕ್ಕೆ ಉಲ್ಟಾ, ಜನ ನೋಡಿ ಮುಖ ತಿರುಗಿಸುವ ಟಿವಿಟಿ (ಕೂಡುವಾಗ ನಾಯಿಯಿಂದ ನಾಯಿಗೆ ಹರಡುವ, ಹೆಚ್ಚಾಗಿ ಜನನಾಂಗದಲ್ಲಿ ಬರುವ) ಗಡ್ಡೆಯ ನಾಯಿ ಸುಲಭದ ಕೇಸು. ವಾರಕ್ಕೊಂದು ವಿನ್‌ಕ್ರಿಸ್ಟಿನ್ ಅನ್ನುವ ಕ್ಯಾನ್ಸರ್ ಔಷಧಿಯ ಸೂಜಿ, ನಾಲ್ಕರಿಂದ ಆರು ವಾರ, ನಡುವೆ ರಕ್ತ ಪರೀಕ್ಷೆ. ಸೂಜಿಯಾದ ಎರಡು ಮೂರು ದಿನ ಅದರ ಮಲ ಮೂತ್ರವನ್ನು ಗ್ಲೌಸ್ ಇಲ್ಲದೆ ಮುಟ್ಟಬೇಡಿ. ಗಡ್ಡೆ ಕರಗಿದ ಮೇಲೆ ಅದೇ ನಾಯಿಗೆ ಗಿರಾಕಿ ಬರುತ್ತಾರೆ.

ಖರ್ಚು ಕೇಳುವವರಿಗೆ: ಮರಿಯೊಂದಕ್ಕೆ ಜಂತಿನ ಔಷಧ, ಎರಡು ಮೂರು ಬಾರಿ ನೈನ್ ಇನ್ ಒನ್ (ಪಾರ್ವೊ ಮುಂತಾದ ರೋಗಗಳಿಗೆ ಒಟ್ಟಿಗೆ ಹಾಕುವ ಲಸಿಕೆ), ರೇಬೀಸ್, ಉಣ್ಣಿ ಔಷಧಿ, ಊಟ ಸೇರಿ ಕೈ ಬಿಡುವ ಹೊತ್ತಿಗೆ ಐದಾರು ಸಾವಿರ. ಹೆಣ್ಣು ನಾಯಿ ಆಪರೇಷನ್ ಖಾಸಗಿಯಲ್ಲಿ ಮಾಡಿಸಿದರೆ ಮತ್ತೆ ನಾಲ್ಕೈದು ಸಾವಿರ. ನನಗೂ ಹೆಂಡತಿಗೂ ಮುಂಚಿತ ರೇಬೀಸ್ ಲಸಿಕೆ ಹಾಕಿಸಿದ್ದೇನೆ, ಆದರೂ ಕಚ್ಚಿದರೆ ಮತ್ತೆರಡು ಸೂಜಿ ತಪ್ಪದು. ಅಡ್ವಾನ್ಸ್ ದುಡ್ಡನ್ನು ಖರ್ಚಿಗೆ ಮುಟ್ಟುವುದಿಲ್ಲ. ಬೇರೆ ಡಬ್ಬಿ, ಬೇರೆ ಪುಸ್ತಕ. ಮೂವತ್ತಕ್ಕೂ ಜಾಸ್ತಿ ನಾಯಿ ಈ ಕರಾರಿನ ಮೇಲೆ ಹೋಗಿವೆ, ವಾಪಸ್ ಬಂದದ್ದು ಎರಡು. ಒಂದು ಮಾಲೀಕರು ತೀರಿಕೊಂಡದ್ದಕ್ಕೆ. ಇನ್ನೊಂದು ಕೋಳಿ ಹಿಡಿದದ್ದಕ್ಕೆ, ಅದು ಕುರಿ ಹಟ್ಟಿಗೆ ಹೋಗಿ ಈಗ ಚೆನ್ನಾಗಿದೆ. ಮೂರು ನಾಲ್ಕು ಜನ ದುಡ್ಡು ವಾಪಸ್ ಒಯ್ಯಲೇ ಇಲ್ಲ. ‘ಮುಂದಿನ ನಾಯಿಗೆ ಹಾಕ್ರಿ’ ಅಂದರು.

ಹೆಣ್ಣು ಮರಿ ಬೇಡ ಅನ್ನುವವರು ಈಗಲೂ ಬರುತ್ತಾರೆ. ಅವರಿಗೆ ನನ್ನ ಹತ್ತಿರ ಸದ್ಯ ಗಂಡು ಮರಿ ಇಲ್ಲ, ಯಾವಾಗಲೂ ಇರುವುದಿಲ್ಲ. ಈ ವಾರ ಮನೆಯಲ್ಲಿರುವುದು ಮೂರು ಹೆಣ್ಣು ಮರಿ ಮತ್ತು ಒಂದು ಮುಧೋಳ. ಮುಧೋಳಕ್ಕೆ ಲೋಕಾಪುರದ ಹತ್ತಿರದ ಒಬ್ಬರು ಅಡ್ವಾನ್ಸ್ ಕೊಟ್ಟಾಗಿದೆ. ಗೋಡೆಗೆ ಜಾಳಿಗೆ ಏರಿಸಿದ ಫೋಟೊ ಕಳಿಸಿ ಅಂದಿದ್ದೇನೆ. ಬಂದರೆ ಭಾನುವಾರ ಕೊಡುತ್ತೇನೆ, ಇಲ್ಲದಿದ್ದರೆ ಇಲ್ಲ.