ಡೀಸೆಲ್ ಕಾರಿಗೆ ಯಾವ ಆಯಿಲ್? ಎಷ್ಟಕ್ಕೆ ಚೇಂಜ್?

ದಾವಣಗೆರೆಯ ಪಿ.ಬಿ. ರಸ್ತೆಯ ಆಯಿಲ್ ಅಂಗಡಿಯಲ್ಲಿ 'ಡೀಸೆಲ್ ಗಾಡಿಗೆ ಆಯಿಲ್ ಕೊಡಿ' ಅಂತ ಕೇಳಿದರೆ ಕೈಗೆ ಬರುವುದು ಹೆಚ್ಚಾಗಿ 15ಡಬ್ಲ್ಯೂ-40 ಎಂಬ ಗ್ರೇಡಿನ ಎಂಜಿನ್ ಆಯಿಲ್. ಮೆಕ್ಕೆಜೋಳ ಹೊರುವ ಲಾರಿಗೂ ಅದೇ, ಟ್ರ್ಯಾಕ್ಟರಿಗೂ ಅದೇ. ಹಳೇ ಡೀಸೆಲ್ ಕಾರುಗಳಲ್ಲಿ ಎಷ್ಟೋ ಕಾರು ಅದರಲ್ಲೇ ಚೆನ್ನಾಗಿ ಓಡಿವೆ. ಆದರೆ 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ, ಹೊಗೆಯ ಮಾಲಿನ್ಯಕ್ಕೆ ಮಿತಿ ಹಾಕುವ ಬಿಎಸ್6 ನಿಯಮದ ಡೀಸೆಲ್ ಕಾರಿನ ಲೆಕ್ಕವೇ ಬೇರೆ.

ಮೊದಲು ಪುಸ್ತಕ ತೆಗೆಯಿರಿ

ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿ ಆಯಿಲ್‌ಗೆಂದೇ ಒಂದು ಪುಟ ಇರುತ್ತದೆ. ಅಲ್ಲಿ ನೋಡಬೇಕಾದ್ದು ಮೂರು: ಗ್ರೇಡ್, ಗುಣಮಟ್ಟದ ಗುರುತು, ಎಷ್ಟು ಲೀಟರ್. ಆ ಪುಟದ ಫೋಟೊ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಅಂಗಡಿಯವರು 'ಇದಕ್ಕಿಂತ ಒಳ್ಳೇದು ಕೊಡ್ತೀನಿ ಸಾರ್' ಅಂದರೆ ಸುಮ್ನೆ ಅದನ್ನು ತೋರಿಸಿ.

ಗ್ರೇಡ್ ಎಂದರೆ ಆಯಿಲ್‌ನ ದಪ್ಪ. 5ಡಬ್ಲ್ಯೂ-30ರಲ್ಲಿ ಮೊದಲ ಅಂಕಿ ಚಳಿಯಲ್ಲಿ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದಕ್ಕೆ, ಎರಡನೆಯದು 100 ಡಿಗ್ರಿ ಬಿಸಿಯಲ್ಲಿ ಎಷ್ಟು ದಪ್ಪ ಉಳಿಯುತ್ತದೆ ಎಂಬುದಕ್ಕೆ. 15ಡಬ್ಲ್ಯೂ ಆಯಿಲ್‌ನ ಚಳಿ ಪರೀಕ್ಷೆ ನಡೆಯುವುದು ಮೈನಸ್ 20 ಡಿಗ್ರಿಯಲ್ಲಿ. ಚಿತ್ರದುರ್ಗದ ಡಿಸೆಂಬರ್ ಬೆಳಗು ಅದರ ಹತ್ತಿರಕ್ಕೂ ಹೋಗುವುದಿಲ್ಲ. ಹಾಗಾದರೆ ತೆಳು ಆಯಿಲ್ ಯಾಕೆ? ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಅದು ಎಂಜಿನ್ ತಲೆಗೂ, ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊಗೂ ಬೇಗ ತಲುಪುತ್ತದೆ. ಟರ್ಬೊ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಬಲ್ಲದು. ಆಯಿಲ್ ತಡವಾದರೆ ಸವೆಯುವುದು ಅದೇ.

'ನಮ್ಮ ಕಡೆ ಬಿಸಿಲು ಜಾಸ್ತಿ, ದಪ್ಪ ಆಯಿಲ್ ಹಾಕ್ಸಿ' ಎನ್ನುವವರು ಪ್ರತಿ ಗ್ಯಾರೇಜಿನಲ್ಲೂ ಒಬ್ಬರಿರುತ್ತಾರೆ. ಹೊರಗೆ 40 ಡಿಗ್ರಿ ಇರಲಿ, 25 ಇರಲಿ, ಓಡುವ ಎಂಜಿನ್ನಿನ ಆಯಿಲ್ ಸುಮಾರು 100 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಪುಸ್ತಕದಲ್ಲೇ ಹವೆಗೆ ತಕ್ಕಂತೆ ಎರಡು ಮೂರು ಗ್ರೇಡ್ ಕೊಟ್ಟಿದ್ದರೆ ಅದರಲ್ಲಿ ಒಂದು ಆರಿಸಿ. ಅದರಾಚೆ ಹೋಗುವುದು ಬೇಡ.

ಬೂದಿಯ ಲೆಕ್ಕ

ಬಿಎಸ್6 ಡೀಸೆಲ್ ಕಾರಿನ ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ ಎಂಬ ಜಾಲರಿ ಇರುತ್ತದೆ. ಹೊಗೆಯಲ್ಲಿನ ಮಸಿಯನ್ನು ಹಿಡಿದಿಡುವುದು ಅದರ ಕೆಲಸ. ಮಸಿ ತುಂಬಿದಾಗ ಎಂಜಿನ್ ತಾನೇ ಒಂದಿಷ್ಟು ಹೆಚ್ಚು ಡೀಸೆಲ್ ಸಿಂಪಡಿಸಿ, ಜಾಲರಿಯನ್ನು ಸುಮಾರು 600 ಡಿಗ್ರಿಗೆ ಕಾಯಿಸಿ ಮಸಿ ಸುಡುತ್ತದೆ. ಮಸಿಯೇನೋ ಸುಟ್ಟು ಹೋಗುತ್ತದೆ. ಆದರೆ ಎಂಜಿನ್ ಆಯಿಲ್ ಅಷ್ಟಿಷ್ಟು ಉರಿದಾಗ ಅದರಲ್ಲಿನ ಕ್ಯಾಲ್ಸಿಯಂ, ಸತುವಿನಂಥ ಅಂಶಗಳು ಬೂದಿಯಾಗುತ್ತವೆ. ಬೂದಿಯನ್ನು ಮತ್ತೆ ಸುಡಲು ಆಗುವುದಿಲ್ಲ ಅಲ್ವಾ? ಅದು ಜಾಲರಿಯಲ್ಲೇ ಕೂರುತ್ತದೆ, ವರ್ಷದಿಂದ ವರ್ಷಕ್ಕೆ ಕಟ್ಟುತ್ತದೆ. ಹೊಸ ಡಿಪಿಎಫ್ ಬೆಲೆ ಕೇಳಿದರೆ ಆಯಿಲ್‌ನಲ್ಲಿ ಉಳಿಸಿದ ದುಡ್ಡು ನೆನಪಿಗೂ ಬರುವುದಿಲ್ಲ.

ಅದಕ್ಕೇ ಇಂಥ ಕಾರಿಗೆ ಬೂದಿ ಕಡಿಮೆ ಇರುವ ಆಯಿಲ್ ಬೇಕು. ಡಬ್ಬದ ಹಿಂದೆ ಯುರೋಪಿನ ಕಾರು ತಯಾರಕರ ಸಂಘ ಎಸಿಇಎ ಕೊಡುವ ಸಿ2 ಅಥವಾ ಸಿ3 ಎಂಬ ಗುರುತು ಹುಡುಕಿ. ಇವೆರಡರಲ್ಲೂ ಬೂದಿ ಅಂಶ ಶೇ 0.8ರ ಒಳಗೆ. ಹಳೇ ಕಾರುಗಳ ಎ3/ಬಿ4 ಆಯಿಲ್‌ನಲ್ಲಿ ಅದು ಶೇ 1.6ರವರೆಗೂ ಇರಬಹುದು. ಸಿ2 ಮತ್ತು ಸಿ3 ಎರಡೂ ಒಂದೇ ಅಲ್ಲ, ನಿಮ್ಮ ಪುಸ್ತಕ ಯಾವುದು ಹೇಳಿದೆಯೋ ಅದನ್ನೇ ತನ್ನಿ. ಕೆಲವು ಕಂಪನಿಗಳು ತಮ್ಮದೇ ಗುರುತು ಕೊಟ್ಟಿರುತ್ತವೆ. ಆಗ ಅದೇ ಗುರುತು ಡಬ್ಬದ ಮೇಲೂ ಇರಬೇಕು.

ಡಿಪಿಎಫ್ ಇಲ್ಲದ ಹಳೇ ಕಾರಿಗೆ ಈ ತಲೆನೋವಿಲ್ಲ. ಪುಸ್ತಕ ಒಪ್ಪಿದರೆ ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಎಪಿಐನ ಗುರುತಾದ ಸಿಎಚ್-4 ಅಥವಾ ಸಿಐ-4 ಸಾಕು. ಸುಮ್ನೆ ದುಬಾರಿಯದು ಹಾಕಿಸಬೇಡಿ.

10,000 ಕಿಲೋಮೀಟರ್ ಎಲ್ಲರಿಗೂ ಒಂದೇ ಅಲ್ಲ

ಸಾಮಾನ್ಯವಾಗಿ ಕಂಪನಿಗಳು ಹೇಳುವುದು 10,000 ಅಥವಾ 15,000 ಕಿ.ಮೀ., ಇಲ್ಲವೇ ಒಂದು ವರ್ಷ, ಯಾವುದು ಮೊದಲೋ ಅದು. ಈ ಕೊನೆಯ ಮಾತನ್ನು ಜನ ಮರೆಯುತ್ತಾರೆ. ವರ್ಷಕ್ಕೆ ನಾಲ್ಕು ಸಾವಿರ ಓಡಿಸಿದರೂ ವರ್ಷಕ್ಕೊಮ್ಮೆ ಚೇಂಜ್ ಮಾಡಿಸಲೇಬೇಕು.

ಇನ್ನು ಒಂದು ಲೆಕ್ಕ ಹಾಕಿ. ಹೆದ್ದಾರಿ 48ರಲ್ಲಿ ಬೆಂಗಳೂರಿಗೆ ಹೋಗಿ ಬರುವವರ ಕಾರು ಗಂಟೆಗೆ ಸರಾಸರಿ 60 ಕಿ.ಮೀ. ಓಡಿದರೆ, 10,000 ಕಿ.ಮೀ.ಗೆ ಎಂಜಿನ್ ದುಡಿಯುವುದು ಸುಮಾರು 167 ಗಂಟೆ. ವಿದ್ಯಾನಗರದಿಂದ ಮಂಡಿಪೇಟೆಗೆ ಗಂಟೆಗೆ 20ರಲ್ಲಿ ತೆವಳುವ ಕಾರಿಗೆ ಅದೇ ದೂರಕ್ಕೆ 500 ಗಂಟೆ. ಮೀಟರ್ ಮಾತ್ರ ಒಂದೇ ತೋರಿಸುತ್ತದೆ.

ಪುಸ್ತಕದಲ್ಲಿ 'ಕಠಿಣ ಬಳಕೆ' ಎಂಬ ಸಾಲೂ ಇರುತ್ತದೆ: ಧೂಳು, ಸಣ್ಣ ಸಣ್ಣ ಓಡಾಟ, ಜಾಸ್ತಿ ಹೊತ್ತು ನಿಂತಲ್ಲೇ ಚಾಲೂ ಇಡುವುದು, ಭಾರ ಎಳೆಯುವುದು. ಹೊಳಲ್ಕೆರೆ, ಭೀಮಸಮುದ್ರದ ಕಡೆ ಅದಿರಿನ ಲಾರಿಗಳ ಹಿಂದೆ ಓಡುವ ಕಾರು, ಜಗಳೂರಿನ ಹೊಲದ ದಾರಿಗೆ ಇಳಿಯುವ ಕಾರು ಈ ಸಾಲಿಗೇ ಸೇರಿದವು. ಇಂಥವಕ್ಕೆ ಅವಧಿಯನ್ನು ಅರ್ಧಕ್ಕೆ ಇಳಿಸುವುದು ವಾಸಿ, ಏರ್ ಫಿಲ್ಟರನ್ನೂ ಆಗಾಗ ನೋಡಬೇಕು. ನನ್ನ ಪ್ರಕಾರ ನಮ್ಮ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಯಲ್ಲಿ 15,000ದವರೆಗೆ ಕಾಯಬಹುದಾದವರು ಹೆದ್ದಾರಿಯಲ್ಲೇ ಓಡಾಡುವವರು ಮಾತ್ರ.

ಆಯಿಲ್ ಕಪ್ಪಾಯಿತು ಎಂದು ಹೆದರಬೇಡಿ. ಡೀಸೆಲ್ ಎಂಜಿನ್ನಿನಲ್ಲಿ ಹೊಸ ಆಯಿಲ್ ಕೂಡ ಕೆಲವೇ ದಿನಗಳಲ್ಲಿ ಕಪ್ಪಾಗುತ್ತದೆ. ಮಸಿಯನ್ನು ಗಂಟು ಕಟ್ಟಲು ಬಿಡದೆ ತನ್ನಲ್ಲಿ ತೇಲಿಸಿಟ್ಟುಕೊಳ್ಳುವುದು ಅದರ ಕೆಲಸವೇ.

ಚೇಂಜ್ ಮಾಡಿಸುವಾಗ

ಸೀಲ್ ಇರುವ ಡಬ್ಬವನ್ನೇ ಕೊಳ್ಳಿ, ನಿಮ್ಮ ಕಣ್ಣೆದುರೇ ಒಡೆಸಿ. ಎಂಜಿನ್ ಸ್ವಲ್ಪ ಬಿಸಿ ಇದ್ದಾಗ ಹಳೇ ಆಯಿಲ್ ಪೂರ್ತಿ ಇಳಿಯುತ್ತದೆ. ಧಾರೆ ನಿಂತು ತೊಟ್ಟಿಕ್ಕುವವರೆಗೆ ಬಿಡಲು ಹೇಳಿ, ಅವಸರ ಮಾಡಬೇಡಿ. ಕೆಳಗಿನ ನಟ್ಟಿಗೆ ಹೊಸ ವಾಷರ್ ಹಾಕಲಿ, ಆಯಿಲ್ ಫಿಲ್ಟರ್ ಪ್ರತಿ ಸಲವೂ ಬದಲಾಗಲಿ. ಡಬ್ಬದಂಥ ಫಿಲ್ಟರ್ ಆದರೆ ಅದರ ರಬ್ಬರ್ ರಿಂಗಿಗೆ ಹೊಸ ಆಯಿಲ್ ಸವರಿ ಕೈಯಿಂದಲೇ ಬಿಗಿ ಮಾಡುತ್ತಾರೆ. ಖಾಲಿ ಡಬ್ಬಕ್ಕೆ ತೂತು ಮಾಡಿಸಿ. ಒಳ್ಳೆ ಡಬ್ಬ ಸಿಕ್ಕರೆ ಅದಕ್ಕೆ ನಕಲಿ ಆಯಿಲ್ ತುಂಬಿ ಮಾರುವವರಿದ್ದಾರೆ. ಹಳೇ ಆಯಿಲನ್ನು ಚರಂಡಿಗೆ ಚೆಲ್ಲದೆ, ಅದನ್ನು ಒಟ್ಟುಮಾಡಿ ಮರುಬಳಕೆಗೆ ಕಳಿಸುವ ಗ್ಯಾರೇಜಿಗೆ ಕೊಡಿ.

ತುಂಬಿದ ಮೇಲೆ ಎಂಜಿನ್ ಒಂದೆರಡು ನಿಮಿಷ ಓಡಿಸಿ, ನಿಲ್ಲಿಸಿ, ಐದು ನಿಮಿಷ ಬಿಟ್ಟು ಸಮತಟ್ಟಾದ ಜಾಗದಲ್ಲಿ ಆಯಿಲ್ ಮಟ್ಟ ತೋರಿಸುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ನೋಡಿ. ಮಟ್ಟ ಅದರ ಎರಡು ಗುರುತುಗಳ ನಡುವೆ ಇರಬೇಕು. ಮುಂದೆ ತಿಂಗಳಿಗೊಮ್ಮೆಯಾದರೂ ನೋಡುತ್ತಿರಿ. ಬಿಎಸ್6 ಕಾರಿನಲ್ಲಿ ಮಟ್ಟ ಇಳಿಯುವುದಷ್ಟೇ ಅಲ್ಲ, ಏರುವುದೂ ಉಂಟು. ಮಸಿ ಸುಡುವ ಕೆಲಸ ಅರ್ಧಕ್ಕೇ ನಿಂತರೆ ಆ ಹೆಚ್ಚುವರಿ ಡೀಸೆಲ್ ಆಯಿಲ್‌ಗೆ ಇಳಿದು ಅದನ್ನು ತೆಳುವಾಗಿಸುತ್ತದೆ. ಮಟ್ಟ ಮೇಲಿನ ಗುರುತು ದಾಟಿದ್ದರೆ ಕಿಲೋಮೀಟರ್ ಲೆಕ್ಕ ಬಿಟ್ಟು ಚೇಂಜ್ ಮಾಡಿಸಿ. ಊರೊಳಗೇ ಓಡಿಸುವವರು ಆಗಾಗ ಹೆದ್ದಾರಿಗೆ ಹೋಗಿ ಅರ್ಧ ಗಂಟೆ ಒಂದೇ ವೇಗದಲ್ಲಿ ಓಡಿಸಿ ಬಂದರೆ ಈ ತೊಂದರೆ ಬಹಳಷ್ಟು ತಪ್ಪುತ್ತದೆ.

ಗ್ಯಾರೇಜಿನಿಂದ ಹೊರಡುವ ಮುಂಚೆ ಡ್ಯಾಶ್‌ಬೋರ್ಡಿನ ಸರ್ವಿಸ್ ಸೂಚನೆಯನ್ನು ರೀಸೆಟ್ ಮಾಡಿಸಿ. ಕೆಲವು ಕಾರುಗಳು ಆಯಿಲ್ ಎಷ್ಟು ಹಾಳಾಗಿದೆ ಎಂದು ಅಲ್ಲಿಂದಲೇ ಲೆಕ್ಕ ಹಾಕುತ್ತವೆ. ರೀಸೆಟ್ ಆಗದಿದ್ದರೆ ಹೊಸ ಆಯಿಲ್ ಹಾಕಿದ ಮರುವಾರವೇ 'ಚೇಂಜ್ ಮಾಡಿ' ಎಂಬ ದೀಪ ಹತ್ತಬಹುದು.